ನೈಜೀರಿಯಾದ ಮರಗೆಣಸು ರಫ್ತಾಗದಿರುವುದು ಏಕೆ, ಆ ವ್ಯಾಪಾರಕ್ಕೆ ಇಳಿಯಬಹುದೇ?

ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ನೈಜೀರಿಯಾದ ರಫ್ತು ದಶಕಗಳಿಂದ ನೆಲ ಬಿಟ್ಟು ಏಳದಿರುವುದರಿಂದ, ಅಲ್ಲಿಂದ ಚೀನಾಕ್ಕೆ ಒಣ ಚಿಪ್ಸ್ (ಕತ್ತರಿಸಿ ಒಣಗಿಸಿದ ಗೆಣಸಿನ ತುಂಡು) ಕಳುಹಿಸಲು ಇದು ಒಳ್ಳೆಯ ಅವಕಾಶವಲ್ಲವೇ ಎಂದು ಕೇಳಿದ್ದೀರಿ. ಲಾಗೋಸಿನಲ್ಲಿ ಕೃಷಿ ಸರಕಿನ ವ್ಯಾಪಾರದಲ್ಲಿದ್ದ ನಾನು 2012ರಲ್ಲಿ ಇದೇ ಅಂಕಿಗಳನ್ನು ನಂಬಿ ಈ ಕೆಲಸಕ್ಕೆ ಕೈಹಾಕಿದೆ. ಅಕಿನ್ವುಮಿ ಅಡೆಸಿನಾ ಆಗ ಕೃಷಿ ಸಚಿವರು. ಚೀನಾಕ್ಕೆ ಚಿಪ್ಸ್ ಕಳುಹಿಸುವ ಮಾತು ಎಲ್ಲೆಡೆ ಇತ್ತು. ಅದಕ್ಕೆ ಹತ್ತು ವರ್ಷ ಮೊದಲು, 2002ರಲ್ಲಿ, ಅಧ್ಯಕ್ಷ ಒಬಸಾಂಜೊ ಅವರ ಸರ್ಕಾರವೂ ಮರಗೆಣಸಿನ ವಿಶೇಷ ಯೋಜನೆಯೊಂದನ್ನು ಆರಂಭಿಸಿ, ವರ್ಷಕ್ಕೆ 500 ಕೋಟಿ ಡಾಲರ್ ರಫ್ತಿನ ಗುರಿ ಇಟ್ಟಿತ್ತು. ಆ ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ ಎಂಬುದು ನನಗೆ ಗೊತ್ತಿದ್ದರೂ ಅದನ್ನು ಆಡಳಿತದ ವೈಫಲ್ಯವೆಂದಷ್ಟೇ ಓದಿಕೊಂಡೆ.

ಒಯೊ ರಾಜ್ಯದ ಹಳ್ಳಿಗಳಲ್ಲಿ ಬೇಸಿಗೆಯ ಗೆಣಸಿನ ಬೆಲೆ ವಿಚಾರಿಸಿ, ಸುಮಾರು ಎರಡೂವರೆ ಕಿಲೊ ಹಸಿ ಗೆಣಸಿನಿಂದ ಒಂದು ಕಿಲೊ ಒಣ ಚಿಪ್ಸ್ ಸಿಗುತ್ತದೆಂದು ಲೆಕ್ಕ ಹಾಕಿ, ವರ್ಷದ ಕೊನೆಯವರೆಗೆ ಸರಕು ಪೂರೈಸುವುದಾಗಿ ಡಾಲರಿನಲ್ಲಿ ಬದಲಾಗದ ದರಕ್ಕೆ ಒಪ್ಪಂದ ಮಾಡಿಕೊಂಡೆ. ನನ್ನನ್ನು ಮುಳುಗಿಸಿದ್ದು ಆ ದರ. ಅದರ ಹಿಂದಿದ್ದ ತರ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಇದೆ. ಕಿತ್ತ ಮರಗೆಣಸು ಎರಡು ಮೂರು ದಿನಗಳಲ್ಲಿ ಒಳಗೇ ಕಪ್ಪಾಗಿ ಕೆಡುತ್ತದೆ. ಆದ್ದರಿಂದ ರೈತ ಅವಸರದಲ್ಲಿರುತ್ತಾನೆ, ಅಂಗಳದಲ್ಲಿ ನಗದು ಹಿಡಿದು ನಿಂತವನ ಬೆಲೆಗೆ ಒಪ್ಪುತ್ತಾನೆ ಎಂದು ನಾನು ಭಾವಿಸಿದ್ದೆ. ವಾಸ್ತವ ಇದಕ್ಕೆ ತಲೆಕೆಳಗು. ಗೆಣಸು ಕೆಡುವುದು ಕಿತ್ತ ಮೇಲೆ. ಮಣ್ಣಿನಲ್ಲಿ ಇರುವವರೆಗೆ ಅದು ಬಲಿತ ಮೇಲೂ ಎಷ್ಟೋ ತಿಂಗಳು ಇರಬಲ್ಲದು. ಭತ್ತ, ಜೋಳಗಳಂತೆ ಇದಕ್ಕೆ ಕೊಯ್ಲಿನ ಗಡುವಿಲ್ಲ. ಬೆಲೆ ಹಿಡಿಸದಿದ್ದರೆ ರೈತ ಕೀಳುವುದಿಲ್ಲ, ಅಷ್ಟೇ. ಅವನ ಹೊಲವೇ ಅವನ ಉಗ್ರಾಣ, ಅದಕ್ಕೆ ಬಾಡಿಗೆಯೂ ಇಲ್ಲ. ಕಾಯುವ ಶಕ್ತಿ ಇದ್ದದ್ದು ಅವನಿಗೆ. ಹಡಗಿನ ದಿನಾಂಕ ಇದ್ದದ್ದು ನನಗೆ.

ಅವನು ಕಾಯುತ್ತಿದ್ದದ್ದು ಗಾರಿಯ ಬೆಲೆಗಾಗಿ. ತುರಿದು, ಹುಳಿ ಬರಿಸಿ, ಹಿಂಡಿ, ಹುರಿದ ಈ ರವೆಯೇ ಕೋಟ್ಯಂತರ ನೈಜೀರಿಯನ್ನರ ದಿನದ ಊಟ. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೈಜರ್ ಮತ್ತು ಬೆನುವೆ ನದಿಗಳು ಉಕ್ಕಿ ಕೋಗಿ, ಬೆನುವೆ, ಅನಾಂಬ್ರಾ, ಡೆಲ್ಟಾ ರಾಜ್ಯಗಳ ಹೊಲಗಳು ಮುಳುಗಿದವು. ನಾನು ಖರೀದಿಸುತ್ತಿದ್ದ ಹಳ್ಳಿಗಳಿಗೆ ನೀರು ಬರಲಿಲ್ಲ, ಗಾರಿ ವ್ಯಾಪಾರಿಗಳು ಬಂದರು. ಊಟಕ್ಕೆ ಕೊಳ್ಳುವವರು ಕೊಟ್ಟ ಬೆಲೆಯನ್ನು, ಕಾರ್ಖಾನೆಗೆ ಕಳುಹಿಸಲು ಕೊಳ್ಳುವ ನಾನು ಕೊಡಲಾಗಲಿಲ್ಲ. ಪೂರೈಸಿದಷ್ಟನ್ನು ನಷ್ಟದಲ್ಲಿ ಪೂರೈಸಿ, ಉಳಿದದ್ದಕ್ಕೆ ದಂಡ ತೆತ್ತು ಆ ವ್ಯಾಪಾರ ಮುಚ್ಚಿದೆ. ರೈತರ ಮೇಲೆ ನನಗೆ ಅಂದೂ ಕೋಪವಿರಲಿಲ್ಲ. ಅವರು ಮಾಡಿದ್ದು ಸರಿ.

ಹಾಗಾಗಿ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ವರ್ಷಕ್ಕೆ ಸುಮಾರು 6 ಕೋಟಿ ಟನ್ ಬೆಳೆಯುವ ದೇಶದಲ್ಲಿ ರಫ್ತು ಕಡಿಮೆ ಇದೆಯೆಂದರೆ ಅಲ್ಲಿ ಜಾಗ ಖಾಲಿ ಇದೆ ಎಂದಲ್ಲ, ಜನ ಉಣ್ಣುತ್ತಿದ್ದಾರೆ ಎಂದು ಅರ್ಥ. ಎಲ್ಲರೂ ಥಾಯ್ಲೆಂಡನ್ನು ಉದಾಹರಿಸುತ್ತಾರೆ. ಥಾಯ್ ಜನರ ಊಟ ಅನ್ನ; ಅವರ ಮರಗೆಣಸು ಬೆಳೆದದ್ದೇ ಮಾರಾಟಕ್ಕಾಗಿ. ಯುರೋಪಿನಲ್ಲಿ ಧಾನ್ಯದ ಬೆಲೆಯನ್ನು ಕೃತಕವಾಗಿ ಎತ್ತರದಲ್ಲಿ ಇಟ್ಟಿದ್ದ ಕಾಲದಲ್ಲಿ ಅದು ಅಲ್ಲಿನ ಹಂದಿ, ದನಗಳ ಮೇವಾಯಿತು. 1982ರಲ್ಲಿ ಯುರೋಪ್ ಆಮದಿಗೆ ಮಿತಿ ಹಾಕಿ, 1992ರ ಸುಧಾರಣೆಯಲ್ಲಿ ತನ್ನ ಧಾನ್ಯದ ಬೆಲೆಯನ್ನೂ ಇಳಿಸಿದ ಮೇಲೆ ಥಾಯ್ ವ್ಯಾಪಾರಿಗಳು ಕ್ರಮೇಣ ಚೀನಾದ ಕಡೆ ತಿರುಗಿದರು. ಹೆಕ್ಟೇರಿಗೆ ಅವರು ತೆಗೆಯುವ ಇಳುವರಿ ನೈಜೀರಿಯಾದ ಎರಡು ಪಟ್ಟಿಗೂ ಹೆಚ್ಚು, ಚೀನಾಕ್ಕೆ ಅವರ ಹಡಗು ಸಾಗುವ ದಾರಿಯೂ ಬಹಳ ಚಿಕ್ಕದು. ಲಾಗೋಸಿನ ಅಪಾಪಾ ಬಂದರಿನಿಂದ ಹೊರಟ ಚಿಪ್ಸ್ ಥಾಯ್ ಚಿಪ್ಸಿನ ಬೆಲೆಯೊಂದಿಗೆ ಸ್ಪರ್ಧಿಸಬೇಕು. ಅದು ಆಗದ ಮಾತು.

ಇಳಿಯಲೇಬೇಕೆಂದಿದ್ದರೆ ಚಿಪ್ಸ್ ಬಿಟ್ಟು ಗಾರಿ ಮಾಡಿ. ಲಂಡನ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ನೈಜೀರಿಯನ್ನರು ಶುಚಿಯಾಗಿ ಕಟ್ಟಿದ ಗಾರಿಗೆ ಚಿಪ್ಸಿನ ಹಲವು ಪಟ್ಟು ಬೆಲೆ ಕೊಡುತ್ತಾರೆ, ಮತ್ತು ಆ ಬೆಲೆ ಊರಿನ ಗಾರಿಯ ಬೆಲೆಯ ಜೊತೆಗೇ ಏರಿಳಿಯುತ್ತದೆ. ಮರಗೆಣಸಿನಲ್ಲಿ ಸಹಜವಾಗಿಯೇ ಇರುವ ಸಯನೈಡ್ ವಿಷದ ಅಂಶದ ಪರೀಕ್ಷೆಯನ್ನು ಮಾತ್ರ ಪ್ರತಿ ಕಂತಿಗೂ ಮಾಡಿಸಿ. ಗಾರಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕಿಲೊಗೆ 2 ಮಿಲಿಗ್ರಾಂ. ಆರು ತಿಂಗಳ ಮುಂದಿನ ಪೂರೈಕೆಗೆ ಯಾರಾದರೂ ಬದಲಾಗದ ದರ ಕೇಳಿದರೆ ಸಹಿ ಹಾಕಬೇಡಿ.