ಡಬ್ಬ ಆಮೇಲೆ, ಮೊದಲು ಸ್ಪ್ರಿಂಗ್ ನೋಡಿ

ಪ್ರಶ್ನೆ: ನನ್ನದು ಎಕ್ಸ್‌ಪಲ್ಸ್ 200 ಫೋರ್‌ವಿ ಬೈಕ್. ಬರುವ ಜೂನ್ ಕೊನೆಗೆ ಹೆಂಡತಿ ಜೊತೆ ಹಿಮಾಚಲದ ಸ್ಪಿತಿಗೆ ಹೋಗಬೇಕು ಅಂತಿದ್ದೇನೆ. ಗ್ಯಾರೇಜಿನವರು ಅಲ್ಯೂಮಿನಿಯಂ ಡಬ್ಬ, ಕ್ರ್ಯಾಶ್ ಗಾರ್ಡ್, ನಾಲ್ಕು ಲೈಟು, ದೊಡ್ಡ ವಿಂಡ್‌ಶೀಲ್ಡ್, ಪೆಟ್ರೋಲ್ ಕ್ಯಾನ್ ಎಲ್ಲ ಸೇರಿಸಿ ಅರವತ್ತು ಸಾವಿರದ ಲೆಕ್ಕ ಕೊಟ್ಟಿದ್ದಾರೆ. ಯಾವುದು ಬೇಕು, ಯಾವುದು ಬೇಡ? – ವಾಕಡ್, ಪುಣೆ

ಉತ್ತರ: ಆ ಪಟ್ಟಿಯಲ್ಲಿ ಇರುವುದೆಲ್ಲ ಭಾರ. ಭಾರ ಹೊರುವ ಸಾಮಾನು ಒಂದೂ ಇಲ್ಲ, ಗಮನಿಸಿದಿರಾ? ನಿಮ್ಮ ಬೈಕ್ ಸುಮಾರು 160 ಕೆ.ಜಿ. ಎರಡು ಅಲ್ಯೂಮಿನಿಯಂ ಡಬ್ಬ, ಅದಕ್ಕೆ ಕಬ್ಬಿಣದ ಫ್ರೇಮು ಅಂದರೆ ಒಳಗೆ ಒಂದು ಬಟ್ಟೆ ಇಡುವ ಮೊದಲೇ ಹದಿನೈದು-ಇಪ್ಪತ್ತು ಕೆ.ಜಿ. ಏರಿತು. ಅದೂ ಹಿಂದೆ, ಎತ್ತರದಲ್ಲಿ. ಮೇಲೆ ನೀವಿಬ್ಬರು. ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಲು ಶುರು ಮಾಡುತ್ತದೆ.

ಹಾಗಾಗಿ ಮೊದಲ ದುಡ್ಡು ಹಿಂದಿನ ಸಸ್ಪೆನ್ಶನ್‌ಗೆ ಹಾಕಿ. ದುಡ್ಡು ಅಂದೆ, ಆದರೆ ಮೊದಲ ಹೆಜ್ಜೆಗೆ ಒಂದು ಟೇಪು ಸಾಕು. ಇಬ್ಬರು ಸೇರಿ ಬೈಕಿನ ಹಿಂಭಾಗ ಎತ್ತಿ, ಚಕ್ರ ಪೂರ್ತಿ ಕೆಳಗೆ ಜೋತುಬೀಳಲಿ. ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಪ್ಯಾನಲ್ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ, ಅಳೆದುಕೊಳ್ಳಿ. ಆಮೇಲೆ ಹೆಲ್ಮೆಟ್, ಬೂಟು, ಜಾಕೆಟ್ ಸಮೇತ ಇಬ್ಬರೂ ಕೂತು, ಲಗೇಜೂ ಕಟ್ಟಿ, ಮೂರನೆಯವರಿಂದ ಅದೇ ಜಾಗ ಅಳೆಸಿ. ಎರಡರ ವ್ಯತ್ಯಾಸವೇ ಸ್ಯಾಗ್. ನಿಮ್ಮ ಬೈಕಿನ ಹಿಂದಿನ ಟ್ರಾವೆಲ್, ಅಂದರೆ ಚಕ್ರ ಮೇಲೆ-ಕೆಳಗೆ ಆಡುವ ದೂರ, 170 ಮಿ.ಮೀ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ, ಅಂದರೆ ಐವತ್ತು-ಐವತ್ತೈದು ಮಿ.ಮೀ. ತಗ್ಗಿದರೆ ಸರಿ. ಎಂಬತ್ತು ತಗ್ಗಿತಾ? ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ) ಒಂದೊಂದೇ ಹಂತ ಬಿಗಿ ಮಾಡಿ ಮತ್ತೆ ಅಳೆಯಿರಿ. ಕೊನೆಯ ಹಂತಕ್ಕೆ ಬಂದರೂ ಸರಿಹೋಗದಿದ್ದರೆ ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು, ಇಲ್ಲವೇ ಲಗೇಜು ಇಳಿಸಬೇಕು. ಎರಡನೆಯದಕ್ಕೆ ಖರ್ಚಿಲ್ಲ. ಮ್ಯಾನ್ಯುವಲ್‌ನಲ್ಲಿ ಗರಿಷ್ಠ ಭಾರ ಎಷ್ಟು ಅಂತ ಬರೆದಿರುತ್ತದೆ, ಅದನ್ನೂ ಒಮ್ಮೆ ತೆಗೆದು ಓದಿ.

ಡಬ್ಬದ ಬದಲು ಬಟ್ಟೆಯ ಸ್ಯಾಡಲ್ ಬ್ಯಾಗ್ ತೊಗೊಳ್ಳಿ. ನಾಲ್ಕೈದು ಕೆ.ಜಿ.ಯಲ್ಲಿ ಮುಗಿಯುತ್ತದೆ. ಕಲ್ಲಿನ ದಾರಿಯಲ್ಲಿ ಬೈಕ್ ಬಿದ್ದೇ ಬೀಳುತ್ತದೆ, ಆಗ ಡಬ್ಬದ ಅಡಿ ಕಾಲು ಸಿಕ್ಕಿಕೊಂಡರೆ ಮೂಳೆಗೇ ಅಪಾಯ. ಇನ್ನೊಂದು ವಿಷಯ: ನಿಮ್ಮ ಬೈಕಿನ ಸೈಲೆನ್ಸರ್ ಮೇಲಕ್ಕೆತ್ತಿದ ಮಾದರಿಯದು. ಆ ಕಡೆಯ ಬ್ಯಾಗಿಗೆ ಫ್ರೇಮು, ಹೀಟ್ ಶೀಲ್ಡ್ ಎರಡೂ ಬೇಕು, ಇಲ್ಲದಿದ್ದರೆ ಬ್ಯಾಗ್ ಕರಗಿ ಒಳಗಿನ ಸ್ವೆಟರ್‌ಗೂ ತೂತು ಬೀಳುತ್ತದೆ.

ಪೆಟ್ರೋಲ್ ಕ್ಯಾನ್ ಬೇಡ. ಟ್ಯಾಂಕ್ 13 ಲೀಟರ್. ಭಾರ ಹೊತ್ತು ಗುಡ್ಡ ಹತ್ತುವಾಗ ಲೀಟರಿಗೆ ಮೂವತ್ತೇ ಬಂದರೂ 390 ಕಿ.ಮೀ. ಆಯಿತು. ಮನಾಲಿಯಿಂದ ಸ್ಪಿತಿಯ ಕಾಜಾಕ್ಕೆ ಸುಮಾರು 200 ಕಿ.ಮೀ., ಕಾಜಾದಲ್ಲಿ ಪಂಪ್ ಇದೆ.

ನಿಜವಾಗಿ ಕಾಡುವುದು ಆ ದಾರಿಯ ಕುಂಜುಮ್ ಪಾಸ್. ಎತ್ತರ 4,500 ಮೀಟರ್ ದಾಟುತ್ತದೆ. ಪ್ರತಿ ಸಾವಿರ ಮೀಟರಿಗೆ ಎಂಜಿನ್ ಸುಮಾರು ಹತ್ತು ಪ್ರತಿಶತ ಶಕ್ತಿ ಕಳೆದುಕೊಳ್ಳುತ್ತದೆ ಅಂತ ಲೆಕ್ಕ. ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಪ್ರಮಾಣ ಸರಿಮಾಡಿಕೊಳ್ಳುತ್ತದೆ, ಆದರೆ ಇಲ್ಲದ ಗಾಳಿ ಎಲ್ಲಿಂದ ತರುತ್ತದೆ? ಹತ್ತೊಂಬತ್ತು ಕುದುರೆ ಶಕ್ತಿಯಲ್ಲಿ ಅಲ್ಲಿ ಉಳಿಯುವುದು ಹನ್ನೊಂದೋ ಹನ್ನೆರಡೋ. ಅದಕ್ಕೆ ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲುಚಕ್ರ) ಒಂದು ಹಲ್ಲು ಕಮ್ಮಿಯದು ಹಾಕಿಸಿ. ಪುಣೆಯ ನಾನಾ ಪೇಠದ ಅಂಗಡಿಗಳಲ್ಲಿ ವಿಚಾರಿಸಿ. ಹೆದ್ದಾರಿಯಲ್ಲಿ ಎಂಜಿನ್ ಸ್ವಲ್ಪ ಕಿರುಚುತ್ತದೆ, ಸಹಿಸಿಕೊಳ್ಳಿ. ಅಥವಾ ಹಳೆಯದನ್ನೇ ಇಟ್ಟುಕೊಂಡು ಮನಾಲಿಯಲ್ಲಿ ಬದಲಾಯಿಸಿ.

ಚಕ್ರ ಎರಡೂ ಕಡ್ಡಿಯದು, ಒಳಗೆ ಟ್ಯೂಬು. ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಸ್ಟ್ರಿಪ್ ಕಿಟ್ ಕೆಲಸಕ್ಕೆ ಬಾರದು. ಎರಡು ಟೈರ್ ಲಿವರ್, ಒಂದು ಪಂಪು, ಮುಂದಿನ 21 ಇಂಚಿನ ಟ್ಯೂಬು ಇಟ್ಟುಕೊಳ್ಳಿ. ತೀರಾ ಗತಿಯಿಲ್ಲದಾಗ ಅದನ್ನೇ ಹಿಂದಿನ 18 ಇಂಚಿನ ಚಕ್ರಕ್ಕೆ ತುರುಕಿ ಮುಂದಿನ ಊರು ಸೇರಬಹುದು. ಆದರೆ ಟೈರ್ ಬಿಚ್ಚುವುದನ್ನು ಸೊಸೈಟಿಯ ಪಾರ್ಕಿಂಗ್‌ನಲ್ಲೇ ಕಲಿಯಿರಿ, ವಾಚ್‌ಮನ್ ನಕ್ಕರೆ ನಗಲಿ. ಕ್ರ್ಯಾಶ್ ಗಾರ್ಡ್ ಹಾಕಿಸಿ, ಕೆಳಗೆ ಎಂಜಿನ್‌ಗೆ ಕಲ್ಲಿನ ಏಟು ತಡೆಯುವ ಒಳ್ಳೆಯ ಬ್ಯಾಶ್ ಪ್ಲೇಟ್ ಇದೆಯಾ ನೋಡಿ. ವಿಂಡ್‌ಶೀಲ್ಡ್ ನಿಮ್ಮಿಷ್ಟ. ಎಲ್ಲ ಆದಮೇಲೆ ಪೂರ್ತಿ ಲಗೇಜು ಕಟ್ಟಿ, ಹೆಂಡತಿಯನ್ನೂ ಕೂರಿಸಿಕೊಂಡು ಮುಳಶಿ ದಾಟಿ ತಾಮ್ಹಿಣಿ ಘಾಟ್ ಇಳಿದು ಹತ್ತಿ ಬನ್ನಿ. ಮನೆಗೆ ಬಂದು ಅವರನ್ನೇ ಕೇಳಿ, ಸೀಟು ಹೇಗಿತ್ತು ಅಂತ. ನನ್ನ ಅಂದಾಜು, ಉಳಿದ ದುಡ್ಡು ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ: ಜೋರು ಸದ್ದಿನ ಸೈಲೆನ್ಸರ್ ಹಾಕಿಸಿದರೆ ಪವರ್ ಜಾಸ್ತಿಯಾಗುತ್ತದಂತೆ, ಟೂರಿಂಗ್‌ಗೆ ಒಳ್ಳೆಯದಂತೆ. ಪೊಲೀಸರು ನಿಜವಾಗಿ ಹಿಡಿಯುತ್ತಾರಾ? – ಡೊಂಬಿವಲಿ

ಉತ್ತರ: ಹಿಡಿಯುತ್ತಾರೆ. ಮುಂಬೈನಲ್ಲೂ ಪುಣೆಯಲ್ಲೂ ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಓಡಿಸಿದ್ದನ್ನು ನೀವೂ ನೋಡಿರುತ್ತೀರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಬಂತು. ಸದ್ದಿನ ಕೇಸು ಬೇರೆ, ಅದಕ್ಕೆ ಹತ್ತು ಸಾವಿರದವರೆಗೆ ದಂಡ ಇದೆ, ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. ಬಿಚ್ಚಿ ತೆಗೆಯಬಹುದಾದ ಬ್ಯಾಗು, ಮೊಬೈಲ್ ಹೋಲ್ಡರ್ ಇಂಥವಕ್ಕೆ ಹೆದರಬೇಡಿ. ಬಣ್ಣ ಬದಲಾಯಿಸಿದರೂ ಆರ್‌ಟಿಒಗೆ ಹೇಳಲೇಬೇಕು, ಇನ್ಶೂರೆನ್ಸ್‌ನವರಿಗೂ. ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ಅವರು ಕೈ ಎತ್ತುತ್ತಾರೆ.

ಇನ್ನು ಪವರ್? ಎಂಜಿನ್ ಟ್ಯೂನ್ ಮಾಡದೆ ಬರೀ ಸೈಲೆನ್ಸರ್ ಬದಲಾಯಿಸಿದರೆ ಹೆಚ್ಚುವುದು ಸದ್ದು. ದಿನಕ್ಕೆ ಎಂಟು ಗಂಟೆ ಅದನ್ನು ಕೇಳಿಕೊಂಡು ಓಡಿಸಿದರೆ ಸಂಜೆ ತಲೆ ಗುಂಯ್ ಅನ್ನುತ್ತದೆ, ಅಷ್ಟೇ.

ಪ್ರಶ್ನೆ: ಹಿಮಾಲಯನ್ 411 ಬೈಕ್ ಇದೆ. ಚೋರ್ಲಾ ಘಾಟ್ ಮೇಲೆ ಬೆಳಗಾವಿಗೆ ಓಡಾಡುತ್ತೇನೆ. ಮಂಜಿನಲ್ಲಿ ಏನೂ ಕಾಣುವುದಿಲ್ಲ. 40 ವ್ಯಾಟ್‌ನ ಎರಡು ಲೈಟು ಹಾಕಿಸಲೇ? – ವಾಸ್ಕೊ, ಗೋವಾ

ಉತ್ತರ: ಹಾಕಿಸಿ, ಹಳದಿ ಬೆಳಕಿನದು, ಕೆಳಗೆ ಕ್ರ್ಯಾಶ್ ಗಾರ್ಡ್ ಮೇಲೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆ ಎದ್ದ ಹಾಗಾಗುತ್ತದೆ, ಅದಕ್ಕೇ ಬೆಳಕು ಕೆಳಗಿಂದ ಬರಬೇಕು. ಎರಡೂ ಸೇರಿ 80 ವ್ಯಾಟ್, 12 ವೋಲ್ಟ್‌ಗೆ ಸುಮಾರು ಆರೂವರೆ ಆಂಪಿಯರ್. ಅಷ್ಟು ಕರೆಂಟು ಹ್ಯಾಂಡಲ್ ಸ್ವಿಚ್ ಮೂಲಕ ಹರಿಯಬಾರದು. ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇರಲಿ, ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇರಲಿ, ಕೀ ಆಫ್ ಮಾಡಿದರೆ ಲೈಟೂ ಆರಬೇಕು.

ವೈರ್ ಕತ್ತರಿಸಿ, ತಿರುಚಿ, ಟೇಪ್ ಸುತ್ತುವ ಮೆಕ್ಯಾನಿಕ್ ಆದರೆ ಅಲ್ಲಿಂದ ಎದ್ದು ಬನ್ನಿ. ಸಮುದ್ರದ ಗಾಳಿಗೆ ಆ ಜಾಯಿಂಟ್ ಒಂದು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಲೋಹದ ತುದಿಯಲ್ಲಿ ಒತ್ತಿ ಬಿಗಿದು (ಕ್ರಿಂಪ್) ಮೇಲೆ ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಲು ಹೇಳಿ. ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ವೈರ್ ಎಳೆದರೆ, ಲೈಟು ಮಿಣುಕಿದರೆ, ಮತ್ತೆ ಬಿಚ್ಚಿಸಿ. ಎದುರಿನಿಂದ ಗಾಡಿ ಬಂದಾಗ ಆರಿಸಿ, ಅವರಿಗೂ ಅದೇ ತಿರುವು ಇದೆಯಲ್ವಾ.

ಪ್ರಶ್ನೆ: ನಾನು ಐದು ಅಡಿ ಎರಡು ಇಂಚು. ಹಿಮಾಲಯನ್ ಇಷ್ಟ, ಆದರೆ ಕಾಲು ಸಾಲದು. ಬೈಕಿನ ಹಿಂಭಾಗ ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸಲಾ? – ಮಡಗಾಂವ್

ಉತ್ತರ: ಕೊನೆಯ ಉಪಾಯ ಅದು. ಗ್ರೌಂಡ್ ಕ್ಲಿಯರೆನ್ಸ್ ಕಮ್ಮಿಯಾಗುತ್ತದೆ, ಮುಂದಿನ ಫೋರ್ಕ್‌ಗಳನ್ನೂ ಅಷ್ಟೇ ತಗ್ಗಿಸಬೇಕು, ಸೈಡ್ ಸ್ಟ್ಯಾಂಡ್ ಕೂಡ ಕತ್ತರಿಸಬೇಕು. ಮೊದಲು ಸೀಟಿನ ಫೋಮ್ ಎರಡೂ ಪಕ್ಕ ಕೆತ್ತಿಸಿ. ಎತ್ತರಕ್ಕಿಂತ ಅಗಲವೇ ಕಾಲನ್ನು ತಡೆಯುವುದು. ದಪ್ಪ ಅಟ್ಟೆಯ ಬೂಟು ಹಾಕಿ, ನಿಲ್ಲಿಸುವಾಗ ಸೀಟಿನ ಒಂದು ಪಕ್ಕಕ್ಕೆ ಜಾರಿ ಒಂದೇ ಪಾದ ಪೂರ್ತಿ ಊರಿ. ಎರಡು ತುದಿಗಾಲಿಗಿಂತ ಒಂದು ಗಟ್ಟಿ ಪಾದ ಎಷ್ಟೋ ಮೇಲು.

ಪ್ರಶ್ನೆ: ರಜೆ ಕಮ್ಮಿ. ಬೈಕನ್ನು ರೈಲಿನಲ್ಲಿ ಚಂಡೀಗಢಕ್ಕೆ ಕಳಿಸಿದರೆ ಅದು ಮೋಸವಾ? – ಠಾಣೆ

ಉತ್ತರ: ಯಾರಿಗೆ ಮೋಸ ಸ್ವಾಮಿ? 1,600 ಕಿ.ಮೀ.ಗೂ ಜಾಸ್ತಿ ಹೆದ್ದಾರಿ ಅದು, ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಬಿಡುವುದೂ ಇಲ್ಲ. ಸುಮ್ನೆ ಪಾರ್ಸೆಲ್ ಮಾಡಿ. ಆರ್‌ಸಿ, ಗುರುತಿನ ಚೀಟಿ ಎರಡರ ಜೆರಾಕ್ಸ್ ಬೇಕು. ಕನ್ನಡಿ ಬಿಚ್ಚಿಡಿ, ಲಿವರ್‌ಗಳಿಗೆ ಬಟ್ಟೆ ಸುತ್ತಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಹಾಗಾಗಿ ಅಲ್ಲಿ ಇಳಿದ ಮೇಲೆ ಪಂಪ್‌ವರೆಗೆ ತಳ್ಳುವುದು ನೀವೇ. ಯಾವ ಗೇಟಿನಿಂದ ಹತ್ತಿರ ಅಂತ ಹೊರಡುವ ಮೊದಲೇ ಮ್ಯಾಪ್‌ನಲ್ಲಿ ನೋಡಿಟ್ಟುಕೊಳ್ಳಿ.