ಹಾಸನದ ಗುಜರಿ ಅಂಗಡಿಗೆ ಬಂದ ಆಸ್ಪತ್ರೆಯ ಹಳೇ ಎಕ್ಸ್‌-ರೇ ಯಂತ್ರದಲ್ಲಿ ವಿಕಿರಣ ಉಳಿದಿರುತ್ತದೆಯೇ?

ಇಲ್ಲ. ಎಕ್ಸ್‌-ರೇ ಯಂತ್ರವೂ ಬಲ್ಬಿನ ಹಾಗೇ. ಟ್ಯೂಬಿಗೆ ಹತ್ತಾರು ಸಾವಿರ ವೋಲ್ಟ್ ಹರಿಸಿದಾಗ ಮಾತ್ರ ಕಿರಣ ಹುಟ್ಟುತ್ತದೆ. ಕರೆಂಟ್ ಹೋದರೆ ಅಲ್ಲಿಗೆ ಮುಗಿಯಿತು. ಬಿ.ಎಂ. ರಸ್ತೆಯಲ್ಲಿ ಅದನ್ನು ಬಿಚ್ಚುವವರು ಒಳಗಿನ ಸೀಸದ ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು.

ಹೆದರಬೇಕಾದ್ದು ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್ ಯಂತ್ರಕ್ಕೆ, ಪ್ರಯೋಗಾಲಯದ ಗಾಮಾ ಪೆಟ್ಟಿಗೆಗೆ. ಅವುಗಳೊಳಗಿನ ಕೋಬಾಲ್ಟ್‌-60 ಎಂಬ ವಿಕಿರಣಶೀಲ ಲೋಹಕ್ಕೆ ಸ್ವಿಚ್ಚೇ ಇಲ್ಲ. ಅದರ ಪರಮಾಣುಗಳು ತಾವಾಗಿಯೇ ಕ್ಷಯಿಸುತ್ತಾ ಕಿರಣ ಬಿಡುತ್ತವೆ. ಸುಮಾರು 5.3 ವರ್ಷಕ್ಕೊಮ್ಮೆ ಅದರ ಶಕ್ತಿ ಅರ್ಧವಾಗುತ್ತದೆ, ನಿಜ; ಆದರೆ 25 ವರ್ಷ ಕಳೆದರೂ ಮೊದಲಿದ್ದುದರ ಹೆಚ್ಚುಕಡಿಮೆ 27ನೇ ಒಂದು ಪಾಲು ಉಳಿದಿರುತ್ತದೆ. ಜೀವ ತೆಗೆಯಲು ಅಷ್ಟು ಸಾಕು. ದೆಹಲಿ ವಿಶ್ವವಿದ್ಯಾಲಯ 1985ರಿಂದ ಬಳಸದೆ ಮೂಲೆಗೆ ತಳ್ಳಿದ್ದ ಇಂಥ ಪೆಟ್ಟಿಗೆಯನ್ನು 2010ರಲ್ಲಿ ಹರಾಜು ಹಾಕಿತು (ಓದಿದವರದೇ ಮರೆವು!). ದೆಹಲಿಯದೇ ಮಾಯಾಪುರಿಯ ಗುಜರಿಯವರು ಸೀಸದ ಕವಚ ಬಿಚ್ಚಿದರು, ಒಬ್ಬರು ಒಳಗಿನ ಚೂರೊಂದನ್ನು ಪರ್ಸಿನಲ್ಲೇ ಇಟ್ಟುಕೊಂಡರು. ಒಬ್ಬ ಕಾರ್ಮಿಕ ಸತ್ತರು, ಹಲವರು ಆಸ್ಪತ್ರೆ ಸೇರಿದರು.

ವಿಕಿರಣದ ಎಚ್ಚರಿಕೆ ಹೇಳುವ ಮೂರು ರೆಕ್ಕೆಯ ಚಿಹ್ನೆ ಎಕ್ಸ್‌-ರೇ ಯಂತ್ರದ ಮೇಲೂ ಇರುತ್ತದೆ, ಅದೊಂದನ್ನೇ ನಂಬಬೇಡಿ. ಚಿಹ್ನೆಯ ಜೊತೆಗೆ ಗಾತ್ರಕ್ಕೆ ಮೀರಿದ ತೂಕವೂ ಇದ್ದರೆ ಗ್ಯಾಸ್ ಕಟರ್ ಮುಟ್ಟಿಸಲೇಬೇಡಿ. ಆಗಲೇ ಒಡೆದಿದ್ದರೆ ಚೂರು ಹೆಕ್ಕಲು ಹೋಗದೆ ದೂರ ಸರಿಯಿರಿ: ಅಂತರ ಎರಡರಷ್ಟಾದರೆ ಮೈಗೆ ತಾಗುವ ಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಆಮೇಲೆ 112ಕ್ಕೆ ಫೋನ್ ಮಾಡಿ.