ಶಾಲೆ ಮೈದಾನ, ಪಾರ್ಕು, ಪಂಚಾಯ್ತಿ: ಯಾರನ್ನ ಏನು ಕೇಳ್ಬೇಕು?

ಮಕ್ಕಳು ಆಡೋ ಜಾಗದ ಬಗ್ಗೆ ನಿಮ್ಮೂರಲ್ಲಿ ಏನು ತೊಂದರೆ ಇದೆ ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ತುಂಬಾ ಪತ್ರ ಬಂದಿವೆ, ಒಂದೇ ಥರದ್ದನ್ನೆಲ್ಲ ಸೇರಿಸಿ ಐದಕ್ಕೆ ಉತ್ತರ ಕೊಡ್ತಿದ್ದೀನಿ. ಊರು, ಶಾಲೆ ಹೆಸರು ಬೇಕಂತಲೇ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ಮೂರ ಸರ್ಕಾರಿ ಸಾಲಿ ಮುಂದ ದೊಡ್ಡ ಬಯಲೈತ್ರಿ, ನಾವೂ ಅಲ್ಲೇ ಆಡಿ ಬೆಳದೇವಿ. ಈಗ ಅದರಾಗ ಅರ್ಧ ಜಾಗಾದಾಗ ಸಮುದಾಯ ಭವನ ಕಟ್ಟತೇವಿ ಅಂತ ಪಂಚಾಯ್ತಿಯವರು ಮಾತಾಡಾಕತ್ತಾರ. ಇನ್ನೊಂದು ಕಡೆ ಜಾಗಾ ದಾನಾ ಕೊಟ್ಟವರ ಮೊಮ್ಮಕ್ಕಳು ಬಂದು ಇದು ನಮ್ಮ ಹೊಲ ಅನ್ನಾಕತ್ತಾರ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನ ಕೇಳಿದ್ರ ನಮ್ಮ ಕೈಯಾಗ ಏನೈತಿ ಅಂತಾರ. ಯಾರನ್ನ ಕೇಳ್ಬೇಕ್ರಿ? (ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಅಣ್ಣಾ, ಯಾರ ಹತ್ರ ಮಾತಾಡೋಕೂ ಮುಂಚೆ ಉತಾರ, ಅಂದ್ರೆ ಜಾಗದ ದಾಖಲೆ, ತೆಗೆಸಿ ನೋಡಿ. ಜಾಗ ಸರ್ವೆ ನಂಬರಲ್ಲಿದ್ರೆ ಪಹಣಿಯಲ್ಲಿ ಯಾರ ಹೆಸರಿದೆ, ಗ್ರಾಮಠಾಣಾ (ಊರಿನ ಮನೆಗಳಿರೋ ಜಾಗ) ಒಳಗಿದ್ರೆ ಪಂಚಾಯ್ತಿ ಆಸ್ತಿ ರಿಜಿಸ್ಟರಲ್ಲಿ ಯಾರ ಹೆಸರಿದೆ, ಇ-ಸ್ವತ್ತು (ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆ) ಆಗಿದ್ಯಾ ಇಲ್ವಾ, ಇದು ಮೊದಲು ಗೊತ್ತಾಗ್ಬೇಕು. ನಮ್ಮ ರಾಜ್ಯದಲ್ಲಿ ಎಷ್ಟೋ ಸರ್ಕಾರಿ ಶಾಲೆ ನಿಂತಿರೋದು ಊರಿನ ಹಿರೀಕರು ಬಾಯಿಮಾತಲ್ಲಿ ಕೊಟ್ಟ ಜಾಗದ ಮೇಲೆ. ಅವರು ಕೊಟ್ಟಿದ್ದು ದೊಡ್ಡ ಮನಸ್ಸಿಂದ, ಆದ್ರೆ ದಾನಪತ್ರ ನೋಂದಣಿ ಆಗ್ಲಿಲ್ಲ, ಖಾತೆ ಬದಲಾಗ್ಲಿಲ್ಲ, ಪಹಣಿಯಲ್ಲಿ ಹಳೇ ಹೆಸರೇ ಕೂತಿದೆ, ಆಮೇಲೆ ಜಮೀನಿಗೆ ರೇಟು ಬಂದಾಗ ಮೂರನೇ ತಲೆಮಾರಿನವರು ಬಂದು ಕೇಳ್ತಾರೆ. ಮೊಮ್ಮಕ್ಕಳ ಮೇಲೆ ಸಿಟ್ಟು ಮಾಡ್ಕೊಂಡು ಪ್ರಯೋಜನ ಇಲ್ಲ. ಅವರನ್ನ ಕೂರಿಸ್ಕೊಂಡು ಮಾತಾಡಿ, ನಿಮ್ಮ ಅಜ್ಜನ ಹೆಸರಿನ ಕಲ್ಲು ಶಾಲೆ ಮುಂದೆ ಹಾಕಿಸ್ತೀವಿ ಅಂತ ಹೇಳಿ, ಈಗಲಾದ್ರೂ ನೋಂದಣಿ ಮಾಡ್ಕೊಡಿ ಅಂತ ಕೇಳಿ. ಇದಕ್ಕೆ ಒಪ್ಪಿ ಬರೆದುಕೊಟ್ಟ ಮನೆಗಳನ್ನ ನಾನು ನೋಡಿದ್ದೀನಿ. ಒಪ್ಪದೇ ಇದ್ರೆ ವಿಷಯ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ತಹಶೀಲ್ದಾರ್ ತನಕ ಹೋಗ್ಬೇಕು. ಹೆಡ್‌ಮಾಸ್ಟರ ಕಡೆಯಿಂದಲೇ ಹದ್ದುಬಸ್ತಿಗೆ, ಅಂದ್ರೆ ಜಾಗದ ಗಡಿ ಗುರುತಿಸೋಕೆ, ಅರ್ಜಿ ಹಾಕಿಸಿ. ಸರ್ವೆಯವರು ಬಂದು ಅಳತೆ ಮಾಡಿ ಕಲ್ಲು ನೆಡೋ ದಿನ ಊರವರು, ಎಸ್‌ಡಿಎಂಸಿಯವರು, ಪಕ್ಕದ ಹೊಲದವರು ಎಲ್ಲಾ ಅಲ್ಲಿರಿ, ನಕ್ಷೆಯ ಒಂದು ಪ್ರತಿ ಶಾಲೆ ಆಫೀಸಲ್ಲಿ, ಒಂದು ಪಂಚಾಯ್ತಿಯಲ್ಲಿ ಇರ್ಲಿ.

ಇನ್ನು ಸಮುದಾಯ ಭವನ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜನಕ್ಕೆ ಅದು ಖಾಸಗಿ ಶಾಲೆ ಸೀಟಿನ ಕಾಯ್ದೆ ಅಂತಷ್ಟೇ ಗೊತ್ತು. ಅದರ ಕೊನೇಲಿರೋ ಅನುಸೂಚಿ ಓದಿ, ಶಾಲೆ ಅಂದ್ರೆ ಏನೇನಿರ್ಬೇಕು ಅಂತ ಹೇಳೋ ಕಡೆ ಕುಡಿಯೋ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಅಡುಗೆಮನೆ, ಕಾಂಪೌಂಡು ಅಥವಾ ಬೇಲಿ, ಇವುಗಳ ಸಾಲಲ್ಲೇ ಆಟದ ಮೈದಾನನೂ ಇದೆ. ಅದೇ ಕಾಯ್ದೆಯ 9ನೇ ಸೆಕ್ಷನ್ ಸ್ಥಳೀಯ ಪ್ರಾಧಿಕಾರದ, ಅಂದ್ರೆ ಪಂಚಾಯ್ತಿ, ಪಾಲಿಕೆಯಂಥವುಗಳ ಕರ್ತವ್ಯ ಏನು ಅಂತ ಹೇಳತ್ತೆ. ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಮಕ್ಕಳ ಲೆಕ್ಕ ಇಡೋದು, ಗುಳೆ ಬಂದವರ ಮಕ್ಕಳನ್ನೂ ಶಾಲೆಗೆ ಸೇರಿಸೋದು, ಕಟ್ಟಡ ಮತ್ತು ಬೇಕಾದ ಸೌಕರ್ಯ ಒದಗಿಸೋದು, ಶಾಲೆ ಹೇಗೆ ನಡೀತಿದೆ ಅಂತ ನೋಡ್ಕೊಳೋದು ಎಲ್ಲಾ ಅದರಲ್ಲಿದೆ. ಮೇಷ್ಟ್ರ ನೇಮಕ ಸರ್ಕಾರದ್ದು, ದೊಡ್ಡ ದುಡ್ಡು ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಮೂಲಕ ಬರತ್ತೆ, ಅದು ಸರಿ. ಹಾಗಂತ ಗ್ರಾಮ ಪಂಚಾಯ್ತಿ ಮೆಂಬರು "ಶಾಲೆಗೂ ನಮಗೂ ಸಂಬಂಧ ಇಲ್ಲ" ಅನ್ನೋ ಹಾಗಿಲ್ಲ, ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ಅಂತ ಇರೋ 29 ವಿಷಯದಲ್ಲಿ ಪ್ರಾಥಮಿಕ, ಪ್ರೌಢ ಶಿಕ್ಷಣನೂ ಒಂದು. ಮೈದಾನ ಕೊಡಿಸಬೇಕಾದ ಪಂಚಾಯ್ತಿಯೇ ಮೈದಾನದಲ್ಲಿ ಕಟ್ಟಡ ಎಬ್ಬಿಸೋಕೆ ಹೊರಟರೆ ಅದನ್ನ ಸುಮ್ನೆ ನೋಡ್ತಾ ಕೂರ್ಬೇಡಿ.

ನೀವು ಮಾಡ್ಬೇಕಾದ್ದು ಇಷ್ಟು. ಎಸ್‌ಡಿಎಂಸಿ ಸಭೆ ಕರೆಸಿ, ಮೈದಾನ ಬೇರೆ ಯಾವುದಕ್ಕೂ ಕೊಡಲ್ಲ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ. ನಮ್ಮ ಕೈಲಿ ಏನಿದೆ ಅನ್ನೋ ಅಧ್ಯಕ್ಷರಿಗೆ ಹೇಳಿ, ಶಾಲೆ ನಡೆಯೋದನ್ನ ಗಮನಿಸೋದು, ಶಾಲಾ ಅಭಿವೃದ್ಧಿ ಯೋಜನೆ ಮಾಡೋದು, ಬಂದ ದುಡ್ಡು ಎಲ್ಲಿ ಹೋಯ್ತು ಅಂತ ನೋಡೋದು ಮೂರೂ ಕಾನೂನೇ ಅವರ ಸಮಿತಿಗೆ ಕೊಟ್ಟಿರೋ ಕೆಲಸ. ಆ ನಡಾವಳಿ ಪ್ರತಿ ಪಿಡಿಓಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೊಟ್ಟು ಸ್ವೀಕೃತಿ ತಗೊಳ್ಳಿ, ಒಂದು ಪ್ರತಿ ಬಿಇಓಗೆ. ಮುಂದಿನ ವಾರ್ಡ್ ಸಭೆ, ಗ್ರಾಮ ಸಭೆ ಎರಡರಲ್ಲೂ ವಿಷಯ ಎತ್ತಿ, ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿಯಲ್ಲಿ ಬರೆದ್ರಾ ಅಂತ ನೋಡ್ಕೊಂಡೇ ಎದ್ದೇಳಿ. ಆಗ್ಲೂ ಕೇಳದಿದ್ರೆ ಅದೇ ಆರ್‌ಟಿಇ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳೊಳಗೆ ತೀರ್ಮಾನ ಆಗ್ಬೇಕು, ತೃಪ್ತಿ ಆಗ್ಲಿಲ್ಲ ಅಂದ್ರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಸಮುದಾಯ ಭವನ ಬೇಡ ಅಂತ ನಾನು ಹೇಳ್ತಿಲ್ಲ, ಮದುವೆ ಮುಂಜಿಗೆ ಬಡವರಿಗೆ ಅದು ಬೇಕೇ ಬೇಕು, ಅದಕ್ಕೆ ಬೇರೆ ಜಾಗ ಹುಡುಕ್ಲಿ.

ಪ್ರಶ್ನೆ: ನಮ್ಮ ಶಾಲೇಲಿ ಜಾರುಬಂಡೆ, ಜೋಕಾಲಿ ಹಾಕಿಸಿದ್ರು ಮೇಡಂ, ಉದ್ಘಾಟನೆನೂ ಜೋರಾಗೇ ಆಯ್ತು. ಈಗ ತುಕ್ಕು ಹಿಡಿದು ಒಂದು ಮಗೂಗೆ ಕೈ ಕುಯ್ದು ಹೊಲಿಗೆ ಬಿತ್ತು. ರಿಪೇರಿ ಯಾರ ಜವಾಬ್ದಾರಿ? (ಪೋಷಕರು, ಮಂಡ್ಯ ಜಿಲ್ಲೆ)

ಉತ್ತರ: ಈ ಪತ್ರ ಓದಿ ಸಂಕಟ ಆಯ್ತು. ಎಷ್ಟೋ ಶಾಲೆ, ಅಂಗನವಾಡಿಯಲ್ಲಿ ನಾನೂ ಇದನ್ನೇ ನೋಡಿದ್ದೀನಿ, ಜಾರುಬಂಡೆಯ ತಗಡು ಕೆಳತುದಿಯಲ್ಲಿ ಬೆಸುಗೆ ಬಿಟ್ಟು ಬ್ಲೇಡಿನ ಹಾಗೆ ಎದ್ದಿರತ್ತೆ, ಮಗು ಜಾರಿ ಬಂದು ಕೈ ಊರೋದು ಸರಿಯಾಗಿ ಅಲ್ಲೇ. ಜೋಕಾಲಿ ಚೈನು ಮೇಲಿನ ಕೊಕ್ಕೆ ಹತ್ರ ಸವೆದು ಅರ್ಧ ಆಗಿರತ್ತೆ, ಕೆಳಗಿಂದ ನೋಡಿದ್ರೆ ಕಾಣಲ್ಲ, ಏಣಿ ಹಾಕಿ ನೋಡ್ಬೇಕು. ಕಂಬ ನಿಲ್ಲಿಸೋಕೆ ಹಾಕಿದ ಕಾಂಕ್ರೀಟು ಮಣ್ಣು ಕೊಚ್ಚಿ ಹೋಗಿ ಮೇಲೆ ಕಾಣ್ತಿರತ್ತೆ, ಬಿದ್ರೆ ತಲೆ ಅದಕ್ಕೇ ಬಡಿಯತ್ತೆ. ಅಲ್ಲಿ ಮರಳು ಇರ್ಬೇಕು, ದಪ್ಪಗೆ, ವರ್ಷ ವರ್ಷ ತುಂಬಿಸ್ತಿರ್ಬೇಕು.

ಮೊದಲ ಕೆಲಸ, ನಾಳೆನೇ ಅದನ್ನ ಹಗ್ಗ ಕಟ್ಟಿ ನಿಲ್ಲಿಸಿ, ರಿಪೇರಿ ಆಗೋ ತನಕ ಮಕ್ಕಳು ಹತ್ತಬಾರದು. ಆಮೇಲೆ ಹೆಡ್‌ಮಾಸ್ಟ್ರು, ಎಸ್‌ಡಿಎಂಸಿ ಸೇರಿ ಪಂಚಾಯ್ತಿಗೆ ಫೋಟೋ ಸಮೇತ ಪತ್ರ ಬರೀರಿ. ಹಾಕಿಸಿದ್ದು ಪಂಚಾಯ್ತಿನಾ, ಇಲಾಖೆನಾ, ಯಾವುದಾದ್ರೂ ಕಂಪನಿನಾ ಅನ್ನೋದು ಆಸ್ತಿ ದಾಖಲೆಯಲ್ಲಿ ಇರತ್ತೆ, ಆದ್ರೆ ಮಗುಗೆ ಏಟಾದಾಗ ಆ ವಾದ ಮಾಡ್ತಾ ಕೂರೋದು ತಪ್ಪು. ಶಾಲೆ ಆವರಣದಲ್ಲಿ ನಿಂತಿರೋ ವಸ್ತು ಸುರಕ್ಷಿತವಾಗಿದ್ಯಾ ಅಂತ ನೋಡೋದು ಶಾಲೆ, ಎಸ್‌ಡಿಎಂಸಿ, ಪಂಚಾಯ್ತಿ ಮೂರೂ ಕಡೆಯವರ ಕೆಲಸ. ನನ್ನ ಅಭಿಪ್ರಾಯ ಕೇಳಿದ್ರೆ ಹೊಸದು ಹಾಕಿಸೋ ನಿರ್ಣಯದಲ್ಲೇ ರಿಪೇರಿ ದುಡ್ಡು ಎಲ್ಲಿಂದ ಅನ್ನೋದನ್ನ ಬರೆಸ್ಬೇಕು, ಅದಿಲ್ಲದ ಜಾರುಬಂಡೆಗಿಂತ ನೆರಳಿರೋ ಒಂದು ಬೇವಿನ ಮರ, ಒಂದು ರಾಶಿ ಮರಳು ಮಕ್ಕಳಿಗೆ ಸಾವಿರ ಪಾಲು ಒಳ್ಳೇದು.

ಪ್ರಶ್ನೆ: ಪಿಟಿ ಪಿರಿಯಡ್ಡಲ್ಲಿ ಗಣಿತ ಮಾಡ್ತಾರೆ. ಕೇಳಿದ್ರೆ ಪಿಟಿ ಮೇಷ್ಟ್ರೇ ಇಲ್ಲ, ಚೆಂಡಿಗೂ ದುಡ್ಡಿಲ್ಲ ಅಂತಾರೆ. ನಿಜನಾ? (ಏಳನೇ ಕ್ಲಾಸ್ ಹುಡುಗನ ತಾಯಿ, ತುಮಕೂರು ಜಿಲ್ಲೆ)

ಉತ್ತರ: ಮೇಷ್ಟ್ರು ಇಲ್ಲ ಅನ್ನೋದು ನಿಜ ಇರಬಹುದು ಅಕ್ಕಾ, ಹುದ್ದೆ ಖಾಲಿ ಇರೋ ಶಾಲೆಗಳು ಬೇಕಾದಷ್ಟಿವೆ. ಆರನೇ ಕ್ಲಾಸಿಂದ ಎಂಟರವರೆಗೆ ನೂರಕ್ಕಿಂತ ಜಾಸ್ತಿ ಮಕ್ಕಳಿದ್ರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದ್ರೂ ಇರ್ಬೇಕು ಅಂತ ಆರ್‌ಟಿಇ ಅನುಸೂಚಿಯೇ ಹೇಳತ್ತೆ, ಅದನ್ನಿಟ್ಟು ಬಿಇಓಗೆ ಬರೀರಿ. ಚೆಂಡಿನ ವಿಷಯಕ್ಕೆ ಬಂದ್ರೆ, ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆಟದ ಸಾಮಾನಿಗೆ ಅಂತಲೇ ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿ ತನಕ ಅವಕಾಶ ಇದೆ. ನಿಮ್ಮ ಶಾಲೆಗೆ ಬಂತಾ, ಏನು ತಂದ್ರು, ಬೀರುವಲ್ಲಿ ಬೀಗ ಹಾಕಿ ಇಟ್ಟಿದ್ದಾರಾ ಅಂತ ಎಸ್‌ಡಿಎಂಸಿ ಸಭೇಲಿ ಕೇಳಿ. ಹೊಸ ಚೆಂಡು ಹಾಳಾಗತ್ತೆ ಅಂತ ಒಳಗೇ ಇಡೋ ಶಾಲೆಗಳಿವೆ, ಅದು ಹಾಳಾಗೋಕೇ ಇರೋದು, ಮಕ್ಕಳು ಆಡಿದ್ರೆ ತಾನೇ ಸವೆಯೋದು.

ಪ್ರಶ್ನೆ: ನಾವಿರೋದು ಬೆಂಗಳೂರಲ್ಲಿ. ಲೇಔಟ್ ಪಾರ್ಕಲ್ಲಿ "ಇಲ್ಲಿ ಆಟ ಆಡಬಾರದು" ಅಂತ ಬೋರ್ಡು. ರಸ್ತೇಲಿ ಆಡಿದ್ರೆ ಗಾಡಿ ಭಯ. ಪಕ್ಕದ ಖಾಲಿ ಜಾಗ ಪ್ಲೇಗ್ರೌಂಡ್‌ಗೆ ಅಂತ ಪ್ಲಾನಲ್ಲಿದೆ, ಅಲ್ಲಿ ಏನೋ ಕಟ್ಟಡ ಬರತ್ತೆ ಅಂತ ಸುದ್ದಿ. ನಮ್ಮಂಥವರು ಏನ್ ಮಾಡೋಕಾಗತ್ತೆ? (ಅಪ್ಪ ಅಮ್ಮ ಇಬ್ಬರೂ, ಬೆಂಗಳೂರು)

ಉತ್ತರ: ಆಗತ್ತೆ. ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ ಖಾಸಗಿ ನರ್ಸಿಂಗ್ ಹೋಂ ಕಟ್ಟೋಕೆ ಕೊಟ್ಟಿದ್ರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು, ಹೈಕೋರ್ಟಲ್ಲಿ ಮೊದಲು ಸೋತ್ರು, ವಿಭಾಗೀಯ ಪೀಠದಲ್ಲಿ ಗೆದ್ರು, 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವೇ ತೀರ್ಪು ಕೊಡ್ತು. ಆಸ್ಪತ್ರೆನೂ ಜನಕ್ಕೆ ಬೇಕಲ್ವಾ ಅನ್ನೋ ವಾದ ಅಲ್ಲಿ ನಡೀಲಿಲ್ಲ, ಆ ಜಾಗ ಮಕ್ಕಳು ಆಡೋಕೆ, ಊರಿನವರು ಉಸಿರಾಡೋಕೆ ಇರೋದು, ಮನೆ ಪಕ್ಕದಲ್ಲಿ ಇರೋರಿಗೆ ಅದನ್ನ ಪ್ರಶ್ನೆ ಮಾಡೋ ಹಕ್ಕಿದೆ ಅಂತ ಕೋರ್ಟು ಒಪ್ಕೊಳ್ತು. ಇವತ್ತಿಗೂ ದೇಶದ ಬೇರೆ ಬೇರೆ ಕಡೆ ಪಾರ್ಕು ಉಳಿಸ್ಕೊಳೋರು ಆ ತೀರ್ಪನ್ನೇ ಹಿಡ್ಕೊಂಡು ಹೋಗ್ತಾರೆ.

ನಿಮ್ಮದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಲೇಔಟಾದ್ರೆ ಕಾಯ್ದೆ ಇನ್ನೂ ಗಟ್ಟಿ. ಲೇಔಟಿನ ಒಟ್ಟು ಜಾಗದಲ್ಲಿ ಕಮ್ಮಿ ಅಂದ್ರೂ ಶೇಕಡಾ 15 ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡ್ಬೇಕು, ಹಾಗೆ ಬಿಟ್ಟಿದ್ದನ್ನ ಬೇರೆ ಉದ್ದೇಶಕ್ಕೆ ಕೊಟ್ರೆ ಆ ಕೊಟ್ಟಿದ್ದೇ ಅಸಿಂಧು. ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕು ಅರ್ಜಿ, ಹಾಕಿ ಮಂಜೂರಾದ ಲೇಔಟ್ ಪ್ಲಾನ್ ತರಿಸಿ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರ್ಬೇಕು. ಅಡಿಪಾಯ ತೋಡೋ ತನಕ ಕಾಯಬೇಡಿ, ಕಟ್ಟಡ ಎದ್ದ ಮೇಲೆ ಹೋರಾಟ ತುಂಬಾ ಕಷ್ಟ.

ಆ ಬೋರ್ಡಿನ ವಿಷಯ ನನಗೆ ಬಹಳ ಬೇಜಾರು ತರಿಸತ್ತೆ. ವಯಸ್ಸಾದವರು ನೆಮ್ಮದಿಯಾಗಿ ವಾಕ್ ಮಾಡ್ಬೇಕು, ನಿಜ, ಕ್ರಿಕೆಟ್ ಚೆಂಡು ಕಣ್ಣಿಗೆ ಬಿದ್ರೆ ಯಾರು ಹೊಣೆ, ಅದೂ ನಿಜ. ಆದ್ರೆ ಸಂವಿಧಾನದ 12ನೇ ಅನುಸೂಚಿ ನಗರಪಾಲಿಕೆಗಳಿಗೆ ಕೊಟ್ಟಿರೋ ಕೆಲಸದಲ್ಲಿ ಪಾರ್ಕು, ಉದ್ಯಾನದ ಜೊತೆಗೇ ಆಟದ ಮೈದಾನ ಅಂತಲೂ ಇದೆ. ಬೆಳಿಗ್ಗೆ ದೊಡ್ಡವರಿಗೆ, ಸಂಜೆ ನಾಲ್ಕೂವರೆಯಿಂದ ಮಕ್ಕಳಿಗೆ ಒಂದು ಮೂಲೆ ಅಂತ ನಿವಾಸಿಗಳ ಸಂಘದಲ್ಲಿ ಕೂತು ಮಾತಾಡ್ಕೊಂಡು ಪಾಲಿಕೆ ಎಂಜಿನಿಯರಿಗೆ ಪತ್ರ ಕೊಡಿ. ಕುಂಟೆಬಿಲ್ಲೆ ಆಡೋ ಮಗೂನ ಓಡಿಸೋ ಬೋರ್ಡನ್ನಂತೂ ತೆಗೆಸ್ಲೇಬೇಕು.

ಪ್ರಶ್ನೆ: ಮಕ್ಕಳ ಗ್ರಾಮ ಸಭೆ ನಮ್ಮಲ್ಲೂ ಮಾಡ್ತಾರೆ, ಸ್ವಾಗತ ಭಾಷಣ, ಪ್ರಾರ್ಥನೆ, ಬಿಸ್ಕೆಟ್, ಮುಗೀತು. ಇದರಿಂದ ಏನಾದ್ರೂ ಉಪಯೋಗ ಇದ್ಯಾ? (ಶಿಕ್ಷಕಿ, ಶಿವಮೊಗ್ಗ ಜಿಲ್ಲೆ)

ಉತ್ತರ: ಇದೆ ಟೀಚರ್, ಮಾಡೋ ಹಾಗೆ ಮಾಡಿದ್ರೆ. ನಮ್ಮ ರಾಜ್ಯದಲ್ಲಿ ಇದು ಇದ್ದಕ್ಕಿದ್ದಂಗೆ ಹುಟ್ಟಿದ್ದಲ್ಲ, 1990ರ ದಶಕದಲ್ಲೇ ಕುಂದಾಪುರದ ಕಡೆ ಹಳ್ಳಿಗಳಲ್ಲಿ, ಕೆಲಸಕ್ಕೆ ಹೋಗ್ತಿದ್ದ ಮಕ್ಕಳೂ ಸೇರಿದ ಮಕ್ಕಳ ಪಂಚಾಯ್ತಿ ನಡೆದಿತ್ತು. ಪ್ರತಿ ಗ್ರಾಮ ಪಂಚಾಯ್ತಿ ವರ್ಷಕ್ಕೊಂದು ಮಕ್ಕಳ ಗ್ರಾಮ ಸಭೆ ಮಾಡ್ಬೇಕು ಅಂತ ಸರ್ಕಾರದ ಸುತ್ತೋಲೆ ಬಂದಿದ್ದು 2006ರಲ್ಲಿ.

ನಾನು ಹೋಗಿದ್ದ ಒಂದು ಸಭೇಲಿ ಮಕ್ಕಳು ಜಮಖಾನದ ಮೇಲೆ, ದೊಡ್ಡವರು ಕುರ್ಚಿ ಮೇಲೆ. ಒಬ್ಬಳು ಎಂಟನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು, ಮೈದಾನ ಇದೆ ಸರ್ ಆದ್ರೆ ನಾವು ಹುಡುಗೀರು ಹೋಗಲ್ಲ, ಶೌಚಾಲಯಕ್ಕೆ ಬಾಗಿಲಿಲ್ಲ, ಸಂಜೆ ಆದ್ರೆ ದೊಡ್ಡ ಹುಡುಗರು ಕೂತು ಕುಡೀತಾರೆ ಅಂದ್ಲು. ಪಕ್ಕದಲ್ಲಿದ್ದ ಮೆಂಬರು ತಲೆ ತಗ್ಗಿಸಿದ್ರು. ಅದೇ ಊರಿನ ಗ್ರಾಮ ಸಭೇಲಿ ಈ ಮಾತು ದೊಡ್ಡವರ ಬಾಯಲ್ಲಿ ಒಂದ್ಸಲನೂ ಬಂದಿರ್ಲಿಲ್ಲ.

ಹಾಗಾಗಿ ನೀವು ಸಭೆಗೆ ಎರಡು ವಾರ ಮುಂಚೆ ಮಕ್ಕಳನ್ನ ಕರ್ಕೊಂಡು ಊರು ಸುತ್ತಿ, ಎಲ್ಲಿ ಆಡ್ತೀರಿ, ಎಲ್ಲಿ ಹೋಗೋಕೆ ಭಯ, ಯಾವ ದಾರೀಲಿ ನಾಯಿ, ಎಲ್ಲಿ ತೆರೆದ ಬಾವಿ ಅಂತ ಅವರ ಕೈಲೇ ದೊಡ್ಡ ಹಾಳೇಲಿ ನಕ್ಷೆ ಬರೆಸಿ. ಬಾಯಿ ಬಿಡದ ಮಕ್ಕಳಿಗೆ ಚೀಟಿ ಡಬ್ಬ ಇಡಿ. ಸಭೇಲಿ ಮಕ್ಕಳು ಓದಿದ ಪ್ರತಿಯೊಂದಕ್ಕೂ ಯಾರು ಮಾಡ್ತಾರೆ, ಯಾವಾಗ ಮಾಡ್ತಾರೆ ಅಂತ ಪಿಡಿಓ ಅಲ್ಲೇ ಬರೀಲಿ. ದುಡ್ಡಿಲ್ಲ ಅಂದ್ರೆ ನೆನಪು ಮಾಡಿ, ಶಾಲೆ ಕಾಂಪೌಂಡು, ಮೈದಾನ ಸಮ ಮಾಡೋದು, ಶೌಚಾಲಯ ಎಲ್ಲಾ ನರೇಗಾದಲ್ಲಿ ಎಷ್ಟೋ ಪಂಚಾಯ್ತಿ ಮಾಡಿವೆ. ಯೋಜನೆ ಹೆಸರು ಏನೇ ಇರ್ಲಿ, ಪಂಚಾಯ್ತಿಯ ವಾರ್ಷಿಕ ಕ್ರಿಯಾ ಯೋಜನೆಗೆ ಆ ಕೆಲಸ ಸೇರ್ಬೇಕು, ಅದಕ್ಕೇ ಮಕ್ಕಳ ಸಭೆ ಕ್ರಿಯಾ ಯೋಜನೆ ಅಂತಿಮ ಆಗೋಕೆ ಮುಂಚೆನೇ ನಡೀಬೇಕು. ಮುಂದಿನ ವರ್ಷದ ಸಭೆ ಶುರುವಾಗೋದು ಸ್ವಾಗತ ಭಾಷಣದಿಂದ ಬೇಡ, ಹೋದ ವರ್ಷ ಮಕ್ಕಳು ಕೇಳಿದ್ದರಲ್ಲಿ ಏನಾಯ್ತು, ಏನಾಗ್ಲಿಲ್ಲ ಅಂತ ಅಧ್ಯಕ್ಷರೇ ಮಕ್ಕಳ ಮುಂದೆ ಓದಿ ಹೇಳಲಿ.